ಮಾಲೀಕರು ಕೊಟ್ಟ ಸ್ಪೀಕರ್

ಪವರ್‌ಲೂಮಿನ ಸದ್ದಿಗೆ ಕಿವಿ ಹೋಯಿತೆಂದು ಜೊತೆಗಾರನೊಬ್ಬ ಪರಿಹಾರ ಕೇಳಿದಾಗ ತೋಟಪ್ಪ ಮಾಲೀಕರ ಪರ ಸಾಕ್ಷಿ ಹೇಳಿದ್ದ.

"ಮೂವತ್ತು ವರ್ಷ ಅದೇ ಮಗ್ಗದ ಮುಂದ ನಿಂತೀನ್ರಿ ಸಾಹೇಬ್ರ. ನನ್ನ ಕಿವಿಗೇನಾಗೇತಿ?"

ಕೇಸು ಬಿದ್ದುಹೋಯಿತು. ಖುಷಿಯಾದ ಮಾಲೀಕರು ತಮ್ಮ ಮನೆಯ ಹಳೆಯ ಸ್ಪೀಕರ್ ಪೆಟ್ಟಿಗೆಯನ್ನು ಅವನಿಗೆ ಕೊಟ್ಟರು. ಒಳಗಿನ ದೊಡ್ಡ, ಸಣ್ಣ ಎರಡು ಸ್ಪೀಕರಿಗೆ ದನಿ ಹಂಚುವ ಕ್ರಾಸ್‌ಓವರ್ ಮಾತ್ರ ಸುಟ್ಟುಹೋಗಿತ್ತು.

ರೇಡಿಯೋ ರಿಪೇರಿಯವನು ಚೀಟಿಯಲ್ಲಿ ಬರೆದುಕೊಟ್ಟ: ದಪ್ಪ ದನಿ ಕಾಯಿಲ್ ಹಾದು ದೊಡ್ಡ ಸ್ಪೀಕರಿಗೆ, ಕೀರಲು ದನಿ ಕೆಪಾಸಿಟರ್ ಹಾದು ಸಣ್ಣದಕ್ಕೆ. ತೋಟಪ್ಪ ಜೀವನದಲ್ಲಿ ಮೊದಲ ಸಲ ಸಾಲ್ಡರಿಂಗ್ ಐರನ್ ಹಿಡಿದು, ಕೈ ಸುಟ್ಟುಕೊಂಡು, ಎರಡನ್ನೂ ಜೋಡಿಸಿ ಭಜನೆ ಹಾಕಿದ. ದೊಡ್ಡದರಲ್ಲಿ ತಬಲಾದ ಡಗ್ಗಾ ಗುಡುಗಿತು. ಸಣ್ಣದರಲ್ಲಿ ತಾಳದ ಸುಳಿವೇ ಇಲ್ಲ. ದೊಡ್ಡದನ್ನು ಬಿಚ್ಚಿಟ್ಟು ಸಣ್ಣದೊಂದನ್ನೇ ಹಚ್ಚಿದ. ಉಸಿರಿಲ್ಲ. ಬೇರೆ ಕೆಪಾಸಿಟರ್ ತಂದು ಮೂರು ಸಲ ಬೆಸೆದ. ವಾಲ್ಯೂಮನ್ನು ಕೊನೆಯ ತನಕ ತಿರುವಿದ.

"ಸತ್ತ ಮಾಲು ಕೊಟ್ಟು ಕೈ ತೊಳಕೊಂಡಾನ ನೋಡು!" ಎಂದು ಮಾಲೀಕನನ್ನು ಬೈದ.

ಅಡುಗೆಮನೆಯಿಂದ ಹೆಂಡತಿ ಎರಡೂ ಕಿವಿ ಮುಚ್ಚಿಕೊಂಡು ಓಡಿಬಂದಳು.

"ಮದ್ಲ ಅದನ್ನ ಬಂದ್ ಮಾಡ್ರಿ! ಆ ತಾಳದ ಸಪ್ಪಳ ಕಿವ್ಯಾಗ ಸೂಜಿ ಚುಚ್ಚಿದಂಗ ಆಗಾಕತ್ತೈತಿ!"