ಹಾಜರಿ ಪಟ್ಟಿಯ ಹೆಸರುಗಳು

ಹುಬ್ಬಳ್ಳಿಯಲ್ಲಿ ನಡೆದ ಸಂಗತಿ ಇದು... ಬಿಡುವಿದ್ದಾಗ ನಿಧಾನವಾಗಿ ಓದಿ.

ಮೌನೇಶ ಪತ್ತಾರನದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ. ಹನ್ನೆರಡು ವರ್ಷದ ಅನುಭವ. ಗಿರಾಕಿ ಮಾತು ಮುಗಿಸುವ ಮೊದಲೇ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವಷ್ಟು ಆತ್ಮವಿಶ್ವಾಸ...

ಒಂದು ದಿನ ಡಿಗ್ರಿ ಕಾಲೇಜಿನ ಇತಿಹಾಸದ ಮೇಡಂ ಶಕುಂತಲಾ ಹೂಗಾರ ಅವನ ಅಂಗಡಿಗೆ ಬಂದರು. ಕೈಯಲ್ಲಿ ಬಿಳಿ ಕೋಲು. ಹುಟ್ಟಿನಿಂದಲೇ ಅವರಿಗೆ ಕಣ್ಣು ಕಾಣುವುದಿಲ್ಲ.

"ಲ್ಯಾಪ್‌ಟಾಪ್ ಭಾಳ ಸ್ಲೋ ಆಗೇತಿ ತಮ್ಮಾ. ಆನ್ ಮಾಡಿ, ಚಾ ಕುಡದ ಬಂದ್ರೂ ಶುರು ಆಗಿರಂಗಿಲ್ಲ."

"ಹಾರ್ಡ್ ಡಿಸ್ಕ್ ಹಳೇದ ಆಗೇತ್ರಿ ಮೇಡಂ. ಎಸ್‌ಎಸ್‌ಡಿ ಅಂತ ಹೊಸಾ ಡಿಸ್ಕ್ ಹಾಕೋಣ್ರಿ, ಗಾಳಿ ಹಂಗ ಓಡ್ತೈತಿ."

"ಹಾಕು. ಆದ್ರ ಒಂದ ಮಾತು... ಒಳಗ ಯಾವ್ದು ಹೆಂಗ ಐತಿ, ಹಂಗ ಇರಬೇಕು. ಅದರಾಗ ನಾ..."

"ಗೊತ್ತಾತ್ರಿ ಮೇಡಂ, ಚಿಂತಿ ಬಿಡ್ರಿ. ನಾಳೆ ಬರ್ರಿ."

ಅವರ ಮಾತು ಅಲ್ಲಿಗೇ ನಿಂತಿತು.

ಹಳೆಯ ಡಿಸ್ಕಿನಲ್ಲಿ ಇದ್ದುದನ್ನೆಲ್ಲ ಇದ್ದಂತೆಯೇ ಹೊಸದಕ್ಕೆ ಇಳಿಸುವ ದಾರಿ ಮೌನೇಶನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಲ್ಯಾಪ್‌ಟಾಪ್ ತೆರೆದು ನೋಡಿದಾಗ ಅವನಿಗೆ ಕಂಡದ್ದು ಒಂಬತ್ತು ವರ್ಷದ ಕಸ...

ಪಾಪ, ಮೇಡಂಗೆ ಇದೆಲ್ಲ ಏನು ತಿಳಿಯಬೇಕು? ಹೊಸದಾಗಿಯೇ ಎಲ್ಲ ಹಾಕಿಕೊಟ್ಟರೆ ಇನ್ನೂ ವೇಗವಾಗಿ ಓಡುತ್ತದೆ ಎಂದುಕೊಂಡ.

ಹಾಗೇ ಮಾಡಿದ. ಪಾಠದ ಫೈಲುಗಳನ್ನು, ಫೋಟೋಗಳನ್ನು ಇಳಿಸಿದ. ಪರದೆಯ ಮೇಲಿನ ಅಕ್ಷರಗಳನ್ನು ಅವರಿಗೆ ಓದಿ ಹೇಳುವ ಸಾಫ್ಟ್‌ವೇರನ್ನೂ ಹೊಸದಾಗಿ ಹಾಕಿದ. ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ, ಇದ್ದುದನ್ನೆಲ್ಲ ಅಳಿಸಿ ಬದಿಗಿಟ್ಟ.

ಮರುದಿನ ಮೇಡಂ ಬಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡರು. ಹನ್ನೆರಡೇ ಸೆಕೆಂಡಿನಲ್ಲಿ ಲ್ಯಾಪ್‌ಟಾಪ್ ಶುರುವಾಯಿತು. ಮುಖದ ತುಂಬ ನಗು...

ಹಾಜರಿ ಪಟ್ಟಿಯ ಫೈಲು ತೆರೆದರು. ನಗು ಹಾಗೇ ಇಳಿದುಹೋಯಿತು. ಇನ್ನೊಮ್ಮೆ ಕೇಳಿದರು. ಮತ್ತೊಮ್ಮೆ ಕೇಳಿದರು.

"ತಮ್ಮಾ... ನಾ ಕಲಿಸಿದ ಹೆಸರು ಎಲ್ಲಿ ಹೋದುವು?"

ಮೌನೇಶನಿಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು.

"ಕಾಲೇಜಿನ ಪಟ್ಟಿ ಇಂಗ್ಲಿಷ್ ಅಕ್ಷರದಾಗ ಇರ್ತೈತಿ. ಈ ಮಷೀನ್ ದ್ಯಾಮವ್ವನ್ನ 'ಡೈಮಾವಾ' ಅಂತ ಓದ್ತೈತಿ. ಒಂದೊಂದು ಹೆಸರನ್ನೂ ಹೆಂಗ ಕರೀಬೇಕು ಅಂತ ಅದಕ್ಕ ನಾನ ಕಲಿಸೇನಿ. ಒಂಬತ್ತು ವರ್ಷದ ಮಕ್ಕಳ ಹೆಸರು ಅದರಾಗ ಇದ್ದುವು."

"ಹಳೇ ಡಿಸ್ಕ್ ಐತಿ ಅಲ್ಲ?" ಎಂದು ಮೇಡಂ ಕೇಳಿದರು.

ಮೌನೇಶ ಬದಿಗಿಟ್ಟಿದ್ದ ಡಿಸ್ಕಿನತ್ತ ನೋಡಿದ. "ಫಾರ್ಮ್ಯಾಟ್ ಮಾಡೇನ್ರಿ ಮೇಡಂ..."

ಅವರು ಬೈಯಲಿಲ್ಲ. "ನಾ ಹೇಳಾಕ ಹತ್ತಿದ್ದೆ ಅಲ್ಲ, ತಮ್ಮಾ" ಎಂದಷ್ಟೇ ಅಂದು, ಕೋಲು ಹಿಡಿದು ಹೊರಟುಹೋದರು.

ಮೌನೇಶ ಎರಡು ದಿನ ಬೇರೆ ಕೆಲಸವನ್ನೆಲ್ಲ ಬಿಟ್ಟು ಆ ಡಿಸ್ಕಿನ ಮುಂದೆ ಕುಳಿತ. ಅಳಿದುಹೋದ ಕೆಲವು ಪತ್ರಗಳು ಸಿಕ್ಕವು, ಹಾಡುಗಳು ಸಿಕ್ಕವು... ಹೆಸರುಗಳ ಆ ಒಂದು ಫೈಲು ಮಾತ್ರ ಸಿಗಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಕ್ಷಮೆ ಕೇಳಲೆಂದು ಕಾಲೇಜಿಗೆ ಹೋದ. ಮೇಡಂ ತರಗತಿಯಲ್ಲಿದ್ದರು. ಬಾಗಿಲ ಹೊರಗೆ ನಿಂತ.

ಅವರು ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡು ಹಾಜರಿ ಕರೆಯುತ್ತಿದ್ದರು.

"ನಂಬರ್ ಹನ್ನೆರಡು... ನಂಬರ್ ಹದಿಮೂರು..."

ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಮೆಲ್ಲಗೆ ಕೇಳಿದಳು: "ಮೇಡಂ, ದಿನಾ ಹೆಸರು ಹಿಡದು ಕರೀತಿದ್ರಿ... ನಮ್ಮ ಹೆಸರು ಮರತ್ರೇನ್ರಿ?"

ಮೇಡಂ ದನಿ ಬಂದತ್ತ ಮುಖ ತಿರುಗಿಸಿದರು.

"ಇಲ್ಲವಾ. ನಿಮ್ಮ ಮುಖ ನನಗ ಕಾಣಂಗಿಲ್ಲ. ನನಗ ಸಿಗೋದು ನಿಮ್ಮ ಹೆಸರು ಅಷ್ಟ. ಅದನ್ನೂ ತಪ್ಪು ಕರದ್ರ ಹೆಂಗ? ಅದಕ್ಕ ನಾಕು ದಿನ ನಂಬರ್ ಕರೀತೇನಿ..."

ಬಾಗಿಲ ಹೊರಗೆ ಮೌನೇಶ ತಲೆ ತಗ್ಗಿಸಿ, ಒಳಗೆ ಹೋಗದೆ ಹಾಗೇ ಹಿಂತಿರುಗಿದ.

ಅಂದು ಸಂಜೆ ನಾಲ್ಕಕ್ಕೆ ಅಂಗಡಿಯ ಶಟರ್ ಎಳೆದು ಮತ್ತೆ ಕಾಲೇಜಿಗೆ ಹೋದ. ಸ್ಟಾಫ್‌ರೂಮಿನಲ್ಲಿ ಮೇಡಂ ಎದುರು ಕುಳಿತು ಹೇಳಿದ:

"ಹಳೇ ಹಾಜರಿ ಪುಸ್ತಕ ತರಿಸ್ರಿ ಮೇಡಂ. ಒಂಬತ್ತು ವರ್ಷದ್ದೂ ತರಿಸ್ರಿ. ನಾ ಓದತೇನ್ರಿ, ನೀವು ಹೆಂಗ ಕರೀಬೇಕು ಹೇಳ್ರಿ. ನಾ ಮಷೀನದಾಗ ಬರೀತೇನಿ."

"ಈ ವರ್ಷದ ಹೆಸರು ಅಷ್ಟ ಸಾಕಪಾ."

"ಹಳೇ ಮಕ್ಕಳು ಮೇಲ್ ಮಾಡಿದ್ರ ಅವರ ಹೆಸರೂ ತಪ್ಪ ಕೇಳಸಬಾರದಲ್ರಿ..."

ಹನ್ನೊಂದು ಸಂಜೆಗಳು ಹಿಡಿದವು. ಫಕೀರವ್ವ, ಯಮನೂರಸಾಬ, ಮಾಬೂಬಿ, ಹನುಮಂತಗೌಡ... ಒಂದೊಂದು ಹೆಸರು ಬಂದಾಗಲೂ ಮೇಡಂ ಆ ಮಗುವಿನ ಬಗ್ಗೆ ಏನಾದರೊಂದು ಹೇಳುತ್ತಿದ್ದರು. "ಇಕಿ ಈಗ ನರ್ಸ್ ಆಗ್ಯಾಳ." "ಇವಂಗ ಮಾತು ತಡವರಸ್ತಿತ್ತು, ಆದ್ರ ಹಾಡಿದ್ರ ಒಂದು ಅಕ್ಷರಾನೂ ತಪ್ಪತಿದ್ದಿಲ್ಲ."

ಮೌನೇಶ ಕೇಳುತ್ತಾ ಬರೆದ. ಒಮ್ಮೆಯೂ ಅವರ ಮಾತನ್ನು ನಡುವೆ ತಡೆಯಲಿಲ್ಲ.

ಕೊನೆಯ ಹೆಸರು ಮುಗಿದಾಗ ಅವನು ಏಳಲು ಹೊರಟ. ಮೇಡಂ ಕೈ ಮಾಡಿ ಕೂರಿಸಿದರು.

"ಇನ್ನೂ ಒಂದು ಹೆಸರು ಉಳದೈತಿ. ನಿಂದು ಪೂರಾ ಹೆಸರು ಹೇಳು."

ಅವನು ಹೇಳಿದ. ಅವರೇ ಇಂಗ್ಲಿಷಿನಲ್ಲಿ ಟೈಪ್ ಮಾಡಿದರು. ಮಷೀನ್ "ಮೌನೆಷ್ ಪಟ್ಟರ್" ಎಂದಿತು. ಅವರು ತಿದ್ದಿದರು. ಸಾಲಲಿಲ್ಲ, ಮತ್ತೆ ತಿದ್ದಿದರು. ಆಮೇಲೆ ಇಯರ್‌ಫೋನ್ ಕಿತ್ತು ಸ್ಪೀಕರಿನಲ್ಲಿ ಕೇಳಿಸಿದರು.

"ಮೌನೇಶ ಪತ್ತಾರ."

"ಈಗ ಸರಿ ಆತಲ್ಲ?" ಎಂದು ಮೇಡಂ ಕೇಳಿದರು.

ಒಂಬತ್ತು ವರ್ಷದ ಶ್ರಮವನ್ನು ಅಳಿಸಿದವನ ಹೆಸರನ್ನು, ತಮ್ಮ ಮಕ್ಕಳ ಹೆಸರಿನ ಸಾಲಿನಲ್ಲೇ ಬರೆದಿದ್ದರು ಆ ತಾಯಿ...

"ಹೂನ್ರಿ ಮೇಡಂ" ಎಂದ ಮೌನೇಶ. ಕಣ್ಣು ತುಂಬಿ ಬಂದಿತ್ತು.

ಉಪಕಾರ ಮಾಡುವ ಕೈಗಿಂತ ಮೊದಲು, ಪೂರ್ತಿ ಕೇಳಿಸಿಕೊಳ್ಳುವ ಕಿವಿ ಬೇಕು.

ನೀವು ಕೊನೆಯ ಸಲ "ಗೊತ್ತಾಯ್ತು ಬಿಡಿ" ಎಂದು ಅರ್ಧಕ್ಕೇ ನಿಲ್ಲಿಸಿದ್ದು ಯಾರ ಮಾತನ್ನು...?