ಕಟ್ಟೆಯ ಮೇಲಿನ ಸುಣ್ಣದ ಗೆರೆ

ಟಾರಿನ ವಾಸನೆ ಬಂದರೆ ಈಗಲೂ ನನಗೆ ನೆನಪಾಗುವುದು ಸಗಣಿ ಮೆತ್ತಿದ ಅಜ್ಜಿಯ ಕೈ.

ಶಿಕಾರಿಪುರದ ಪೇಟೆ ಬೀದಿಗೆ ಟಾರು ಹಾಕಲು ಬಂದವರು, ಶಿವಮೊಗ್ಗದ ಬಸ್ಸಿಗೆ ದಾರಿ ಅಗಲವಾಗಲೆಂದು, ನಮ್ಮ ಮನೆಮುಂದಿನ ಕಟ್ಟೆಯ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿದ್ದರು. ಗೆರೆಯಿಂದಾಚೆಗಿನದನ್ನು ಒಡೆಯಬೇಕಿತ್ತು. ಅದು ತೀರಿಹೋದ ಅಜ್ಜ ಕೂರುತ್ತಿದ್ದ ಜಾಗ. ಅವರು ಎರಡು ಸಲ ಎಳೆದರೂ, ಎರಡು ಸಲವೂ ಅಜ್ಜಿ ಮರುದಿನ ಬೆಳಗ್ಗೆದ್ದು, ಎಂದಿನಂತೆ ಕಟ್ಟೆ ಸಾರಿಸಿ, ಗೆರೆ ಅಳಿಸಿಬಿಟ್ಟಿದ್ದಳು.

ಮೂರನೆಯ ದಿನ ಮೇಸ್ತ್ರಿ ಕೇಳಿದ: "ಏನಜ್ಜೀ, ಮತ್ತೆ ಗೆರೆ ನುಂಗಿದ್ರಾ?"

"ಸಾರಿಸ್ದೆ ಬಿಡಾಕೆ ಇದೇನು ಹಾಳು ಮನೇನಾ ತಮ್ಮಾ?"

ಸುಡುಬಿಸಿಲಿತ್ತು ಎಂದು ಬರೆಯಹೊರಟೆ. ಬಿಸಿಲನ್ನು ನಾನು ಆಮೇಲೆ ಸೇರಿಸಿಕೊಂಡಿರಬೇಕು. ಮೇಸ್ತ್ರಿಯಂತೂ ದಣಿದಿದ್ದ. ಸುಣ್ಣದ ಡಬ್ಬಿಯನ್ನು ಅವಳ ಮುಂದಿಟ್ಟ.

"ಸಾಕಾತು. ನೀವೇ ಎಳೀರಿ. ಎಲ್ಲಿ ಎಳೀತೀರೋ ಅಲ್ಲೀತಂಕ ಒಡೀತೀನಿ."

ಕಟ್ಟೆಯ ಅಂಚಿನಲ್ಲೇ ಎಳೆ ಎಂದು ನಾನು ಅವಳ ಸೆರಗು ಜಗ್ಗಿದೆ. ಅಜ್ಜಿ ಕುಕ್ಕರಗಾಲಲ್ಲಿ ಕೂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದಳು. ರಂಗೋಲಿ ಬಿಡುವ ಬೆರಳುಗಳಿಂದ, ಅವನ ಗೆರೆ ಇದ್ದಲ್ಲೇ, ನೇರವಾಗಿ ಎಳೆದಳು.

"ಪಕ್ಕದ ಮನಿಯೋರ ಗೆರೆಗೆ ಕೂಡ್ಬೇಕಲ್ಲ" ಎಂದಳು.

ಮರುದಿನ ಒಡೆಯುವವರು ಬರುವ ಮುನ್ನ ಕಟ್ಟೆ ಸಾರಿಸಿದಳು, ಆ ಗೆರೆಯವರೆಗೆ ಮಾತ್ರ.