ಹತ್ತು ನಿಮಿಷದ ಎಣ್ಣೆ

ಏಳನೆಯ ಡಬ್ಬಿಯನ್ನೂ ಆ ಮನುಷ್ಯ ಎಡಕ್ಕೆ ಸರಿಸಿದಾಗ ವಿಶಾಖಾ ಲೆಕ್ಕದ ಪುಸ್ತಕ ಮುಚ್ಚಿದಳು.

ಎಡಗಡೆಯ ಏಳಕ್ಕೆ ಏಳೂ ಖೊಟ್ಟಿ. ಬಲಗಡೆಯ ಎರಡು ಅಸಲಿ. ಒಂದೂ ತಪ್ಪಿರಲಿಲ್ಲ. ಡಬ್ಬಿಯ ಬಣ್ಣ ಒಂದೇ, ಚೀಟಿ ಒಂದೇ, ಮುಚ್ಚಳದ ಸೀಲೂ ಒಂದೇ. ದಿನವಿಡೀ ಅದೇ ಡಬ್ಬಿಗಳ ನಡುವೆ ಕೂರುವ ಅವಳಿಗೇ ವ್ಯತ್ಯಾಸ ಹಿಡಿಯಲು ಮೂರು ತಿಂಗಳು ಬೇಕಾಗಿತ್ತು. ಇವನು ಮುಚ್ಚಳದ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ, ಅಷ್ಟೇ.

ಮಾನ್ವಿಯ ಬಸ್‌ಸ್ಟ್ಯಾಂಡ್ ರಸ್ತೆಯ ಆ ಆಯಿಲ್ ಅಂಗಡಿ ಅವಳ ಅಣ್ಣ ಅಂಬರೀಶನದು. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟಾಗಿನಿಂದ ಗಲ್ಲಾದ ಮೇಲೆ ಕೂರುವವಳು ವಿಶಾಖಾ. ಮಾಲು ತರಿಸುವುದು ಅಣ್ಣ. ರಾಯಚೂರಿನ ಯಾರಿಗೋ ಫೋನ್ ಮಾಡುತ್ತಾನೆ, ಮರುದಿನ ಬೆಳಗಿನ ಬಸ್ಸಿನಲ್ಲಿ ಬಾಕ್ಸುಗಳು ಬರುತ್ತವೆ. ಅದರಲ್ಲಿ ಮುಕ್ಕಾಲು ಪಾಲು, ಗ್ಯಾರೇಜುಗಳಲ್ಲಿ ಇಳಿಸಿದ ಹಳೆ ಎಣ್ಣೆಯನ್ನೇ ಸೋಸಿ, ಬಣ್ಣ ಬೆರೆಸಿ ತುಂಬಿದ್ದು. ಅದು ತಿಳಿದ ದಿನದಿಂದ ಅವಳು ಖೊಟ್ಟಿ ಡಬ್ಬಿಗಳನ್ನು ಹಿಂದಿನ ಸಾಲಿಗೆ ತಳ್ಳಿ "ಸ್ಟಾಕ್ ಇಲ್ರಿ" ಎನ್ನುತ್ತಿದ್ದಳು. ಅಣ್ಣನಿಗೆ ಗೊತ್ತಿತ್ತೋ ಇಲ್ಲವೋ, ಕೇಳುವ ಧೈರ್ಯ ಅವಳಿಗಾಗಿರಲಿಲ್ಲ.

ಹೋದ ತಿಂಗಳು ರಾಯಚೂರಿನಲ್ಲಿ ಇಂಥದೇ ಒಂದು ಅಂಗಡಿಗೆ ಎಣ್ಣೆ ಕಂಪನಿಯವರು ಗಿರಾಕಿಗಳಂತೆ ಬಂದು, ಸಂಜೆಗೆ ಪೊಲೀಸರೊಡನೆ ತಿರುಗಿ ಬಂದಿದ್ದರು. ಶಟರಿಗೆ ಸೀಲು, ಮಾಲೀಕನಿಗೆ ಜೈಲು.

ಇವನೂ ಗಿರಾಕಿಯಂತೆಯೇ ಬಂದಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಉಗುರಿನ ಸಂದಿಯಲ್ಲಿ ಮಾತ್ರ ಕಪ್ಪು. ಬಾನೆಟ್ಟಿನೊಳಗೆ ಕೈ ಹಾಕಿರಬೇಕು ಎಂದುಕೊಂಡಿದ್ದಳು. ಒಳಗೆ ಕಾಲಿಡುತ್ತಲೇ ಅವನು ಕೇಳಿದ್ದ:

"ಅಂಬರೀಶ ಇಲ್ಲೇನು?"

"ದೇವದುರ್ಗಕ್ಕ ಹೋಗ್ಯಾನ್ರಿ."

"ಇರ್ಲಿ. ನೀ ಅದೀಯಲ್ಲ."

ಅವನ ಕಾರು ಎದುರಿನ ನಬೀಸಾಬನ ಗ್ಯಾರೇಜಿನಲ್ಲಿ ಬಾಯಿ ತೆರೆದು ನಿಂತಿತ್ತು. ಎಂಜಿನ್ನಿನ ತುಂಬ ಡಾಂಬರಿನಂಥ ಕೆಸರು. ಹಳೆಯದನ್ನು ಇಳಿಸಿ, ತೊಳೆಯುವ ಔಷಧಿ ಬೆರೆಸಿದ ಎಣ್ಣೆಯಲ್ಲಿ ಹತ್ತು ನಿಮಿಷ ಓಡಿಸಿ, ಅದನ್ನೂ ಚೆಲ್ಲಿ, ಆಮೇಲೆ ಹೊಸದು ತುಂಬಬೇಕು. ಆ ಎರಡು ಸಲದ ಎಣ್ಣೆಗಾಗಿ ಅವನು ಹಿಂದಿನ ಸಾಲಿನಿಂದಲೂ ತಾನೇ ಡಬ್ಬಿ ಇಳಿಸಿಕೊಂಡು ಅರ್ಧ ಗಂಟೆಯಿಂದ ಆರಿಸುತ್ತಿದ್ದ.

ನಬೀಸಾಬ ಕೈ ಒರೆಸಿಕೊಳ್ಳುತ್ತ ಬಂದ. "ಇನ್ನೂ ಎಷ್ಟೊತ್ತು ಸಾಹೇಬ್ರ? ಹೆಣ್ಣು ನೋಡಾಕ ಬಂದೋರೂ ಇಷ್ಟು ತಿರುವಿ ಮುರುವಿ ನೋಡಂಗಿಲ್ಲ. ತೊಳಿಯಾಕ ಯಾವುದರೇ ಸೋವಿದು ತಗೋರಿ. ಹತ್ತು ನಿಮಿಷಕ್ಕ ಚೆಲ್ಲೂದು!"

"ಹತ್ತು ನಿಮಿಷಕ್ಕೂ ಬ್ಯಾಡ," ಎಂದ ಅವನು ಎಡಗಡೆಯ ಸಾಲನ್ನು ನೋಡುತ್ತ. "ನಮ್ಮ ಡ್ರೈವರ್ ಅರಕೇರಾದಾಗ ಇಂಥದ್ದ ಒಂದು ಹಾಕಿಸ್ಯಾನ. ಮಬ್ಬ ಸೂಳೆಮಗ. ಅದಕ್ಕ ಈ ಗತಿ."

ಇಂಥದ್ದೇ ಒಂದು. ವಿಶಾಖಾ ಗಲ್ಲಾದ ಹಿಂದಕ್ಕೆ ಸರಿದಳು. ಟೇಬಲ್ಲಿನ ಕೆಳಗೆ ಮೊಬೈಲ್ ಹಿಡಿದು ಅಣ್ಣನಿಗೆ ಬರೆದಳು: 'ಕಂಪನಿಯಾಂವ ಬಂದಾನ.' ಉತ್ತರ ಕೂಡಲೇ ಬಂತು: 'ಹಿಂದಿನ ಸಾಲು ಮುಟ್ಟಗೊಡಬ್ಯಾಡ. ಗೊತ್ತಿಲ್ಲ ಅನ್ನು.'

ಹಾಗಾದರೆ ಅಣ್ಣನಿಗೆ ಗೊತ್ತಿತ್ತು.

ತಲೆ ಎತ್ತಿದರೆ ಆ ಮನುಷ್ಯ ಹಿಂದಿನ ಸಾಲಿನ ಮುಂದೆಯೇ ನಿಂತಿದ್ದ. ಬೆರಳು ಮಾಡಿ ಬಾಕ್ಸುಗಳನ್ನು ಎಣಿಸಿ ಚೀಟಿಯೊಂದರಲ್ಲಿ ಬರೆದುಕೊಂಡ.

"ಇವು ಯಾವಾಗ ಬಂದಾವ?"

"ಎರಡು ತಿಂಗಳಾತ್ರಿ."

"ಎರಡು ತಿಂಗಳಿಂದ ಹಿಂಗ ಕುಂತಾವ?" ಅವನ ಹುಬ್ಬು ಗಂಟಿಕ್ಕಿತು. "ಯಾರು ಕಳಿಸ್ತಾರ?"

"ಗೊತ್ತಿಲ್ರಿ. ನಾ ಒಮ್ಮೆನೂ ಅವರ ಮಾರಿ ನೋಡಿಲ್ಲ."

"ಧ್ವನಿ?"

"ಅದೂ ಕೇಳಿಲ್ರಿ. ಎಲ್ಲಾ ಅಣ್ಣನ ಮಾತಾಡ್ತಾನ."

"ಚಲೋ ಆತು," ಎಂದು ಚೀಟಿ ಮಡಚಿದ.

ಏನು ಚಲೋ? ಅಣ್ಣನೊಬ್ಬನ ಮೇಲೆಯೇ ಎಲ್ಲವೂ ಬೀಳುತ್ತದೆ ಎಂದೇ?

ಅವನು ಬಲಗಡೆಯ ಎರಡೂ ಡಬ್ಬಿಗಳನ್ನು ನಬೀಸಾಬನ ಕೈಗಿಟ್ಟ. "ಒಂದು ತೊಳಿಯಾಕ, ಒಂದು ತುಂಬಾಕ. ನಡಿ, ಬಂದೆ." ನಬೀಸಾಬ ಗೊಣಗುತ್ತ ರಸ್ತೆ ದಾಟಿದ. ಅಂಗಡಿಯಲ್ಲಿ ಇಬ್ಬರೇ ಉಳಿದರು. ಅವನು ಗಲ್ಲಾದ ಮೇಲೆ ಎರಡೂ ಕೈಯೂರಿ ಬಾಗಿದ.

"ಖರೇ ಹೇಳವ್ವಾ. ಎಡಗಡಿವು ಯಾಕ ಮಾರಿಲ್ಲ? ಗಿರಾಕಿ ಬರವಲ್ಲರೇನು?"

ಇದು ಬಲೆ. ಬರುತ್ತಾರೆ ಎಂದರೆ ಮಾರಿದಂತೆ. ಬರುವುದಿಲ್ಲ ಎಂದರೆ ಸುಳ್ಳು. ಆಗಲೇ ಇಬ್ಬರು ಟ್ರ್ಯಾಕ್ಟರಿನವರು ಬಂದು ಬರಿಗೈಲಿ ಹೋಗಿದ್ದನ್ನು ಅವನೇ ಕಂಡಿದ್ದ. ಗೊತ್ತಿಲ್ಲ ಅನ್ನು ಎಂದಿದ್ದ ಅಣ್ಣ. ಗಿರಾಕಿಗಳ ಮುಖ ನೋಡಿ ಎರಡು ಮಾತು ಆಡದ ಹುಡುಗಿ ವಿಶಾಖಾ. ಈಗ ಎದ್ದು ನಿಂತಳು.

"ಬರ್ತಾರ್ರಿ. ನಾನ ಕೊಡಂಗಿಲ್ಲ. ಅವು ಖೊಟ್ಟಿ ಅದಾವ. ಮಂದಿ ಎಂಜಿನ್ ಸುಟ್ಟು ಹೋಗ್ತಾವ. ಗೊತ್ತಾದ ಮ್ಯಾಲ ಒಂದೂ ಮಾರಿಲ್ಲ ನಾ." ಹಿಂದಿನ ಸಾಲಿನತ್ತ ಕೈ ತೋರಿದಳು. "ಎಲ್ಲಾ ಒಯ್ರಿ. ಕೇಸ್ ಹಾಕೂದಿದ್ರ ನನ್ನ ಮ್ಯಾಲ ಹಾಕ್ರಿ. ಅಂಗಡಿ ನಡಸಾಕಿ ನಾನು. ನಮ್ಮಣ್ಣನ್ನ ಬಿಟ್ಟುಬಿಡ್ರಿ."

ಅವನು ಅವಳನ್ನೇ ನೋಡಿದ. ಆಮೇಲೆ, ಕಳೆದುಹೋದ ವಸ್ತು ಸಿಕ್ಕವನಂತೆ, ಮೆಲ್ಲಗೆ ನಕ್ಕ.

"ಎರಡು ತಿಂಗಳಿಂದ ನನ್ನ ಮಾಲು ಮಾನ್ವ್ಯಾಗ ಯಾಕ ನಿಂತದ ಅಂತ ಈಗ ತಿಳೀತು, ನಾಳಿನ ಬಸ್ಸಿಗೆ ಇನ್ನ ನಾಕು ಬಾಕ್ಸ್ ತುಂಬಿ ಕಳಿಸ್ತೀನಿ, ಗಲ್ಲಾದ ಮ್ಯಾಲ ಬ್ಯಾರೆ ಯಾರನ್ನರೇ ಕುಂದರಸು ಅಂತ ನಿಮ್ಮಣ್ಣಗ ಹೇಳು."